ಹಾಲಿನ ಸಮುದ್ರಕ್ಕೊಬ್ಬ ಮಾಮಲೇದಾರ

ಬೆಳಗಾವಿಯವರಿಗೆ ಸಮುದ್ರ ಎಂದರೆ ಗೋವಾ. ಗೋವಾ ಎಂದರೆ ಶನಿವಾರ ಮಧ್ಯಾಹ್ನ ಹೊರಟು ರವಿವಾರ ರಾತ್ರಿ ಮೈತುಂಬ ಉಸುಕು ಹೊತ್ತುಕೊಂಡು ಮರಳುವುದು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ ಇಳಿದರೆ ಮುಗಿಯಿತು. ತಿರುಗಿ ಹತ್ತಿದರೆ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ ನಮ್ಮ ಊರು, ತಂಪು ಗಾಳಿ, ಸಿಹಿನೀರು. ದೇವರು ಇಷ್ಟು ಅನುಕೂಲ ಮಾಡಿಕೊಟ್ಟಿರುವಾಗ ಶಾಣ್ಯಾ ಮನುಷ್ಯ ಯಾರೂ ಸಮುದ್ರವನ್ನು ಎತ್ತಿಕೊಂಡು ಬಂದು ಮನೆಯ ಹಾಲಿನಲ್ಲಿ ಇಡುವುದಿಲ್ಲ. ನಮ್ಮ ಮನೆಯ ಹಾಲಿನಲ್ಲಿ 200 ಲೀಟರ್ ಸಮುದ್ರ ಇದೆ.

ಯಾಕೆ ಎಂದು ಬಂದ ನೆಂಟರೆಲ್ಲ ಕೇಳುತ್ತಾರೆ. "ಇವ್ರು ರಿಟೈರ್ ಆಗಾಕ ಇನ್ನೂ ಟೈಮ್ ಐತ್ರಿ, ಆದ್ರ ತಯಾರಿ ಈಗಿಂದನ ನಡಿಸ್ಯಾರ" ಎಂದು ಹೆಂಡತಿ ನನ್ನ ಪರವಾಗಿ ಉತ್ತರ ಕೊಡುತ್ತಾಳೆ. ಸಿಹಿನೀರಿನ ಮೀನು ಸಾಕುವವರು ನಮ್ಮ ಟಿಳಕವಾಡಿಯಲ್ಲಿ ಗಲ್ಲಿಗೊಬ್ಬರಿದ್ದಾರೆ. ಒಂದು ಗೋಲ್ಡ್‌ಫಿಶ್, ಒಂದು ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಒಂದು ಕಪ್ಪೆ, ಅಷ್ಟಕ್ಕೇ ಅವರಿಗೆ ಸಮಾಧಾನ. ಮಂದಿಗೆ ಒಗ್ಗಿದ್ದು ನನಗೆ ಒಗ್ಗುವುದಿಲ್ಲ. ನನಗೆ ಒಗ್ಗಿದ್ದಕ್ಕೆ ದುಡ್ಡು ಸಾಲುವುದಿಲ್ಲ. ಈ ಎರಡರ ನಡುವೆ ಎಲ್ಲಿಯೋ ನಮ್ಮ ಸಂಸಾರ ನಡೆದಿದೆ.

ನಮ್ಮದು ಮೊದಲ ಮಾಳಿಗೆ. ಕೆಳಗೆ ಮರಾಠಿ ಮಾತಾಡುವ ಕಾಕಾ ಇರುತ್ತಾರೆ. ಒಂದು ಲೀಟರ್ ನೀರಿಗೆ ಒಂದು ಕಿಲೋ, 200 ಲೀಟರಿಗೆ ಎರಡು ಕ್ವಿಂಟಲ್, ಮೇಲೆ ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು. ಈ ಲೆಕ್ಕವನ್ನು ಅವರು ಮೊದಲ ದಿನವೇ ಬೆರಳು ಮಡಚಿ ಮಾಡಿ ತಮ್ಮ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿಕೊಂಡರು. ಅಂದಿನಿಂದ ಈ ಟ್ಯಾಂಕಿನ ಯೋಗಕ್ಷೇಮದಲ್ಲಿ ಅವರಿಗೆ ನನಗಿಂತ ಹೆಚ್ಚು ಆಸಕ್ತಿ.

ಉಪ್ಪುನೀರಿನ ಟ್ಯಾಂಕಿಗೆ ಮೊದಲು ಬೇಕಾದದ್ದು ಉಪ್ಪುನೀರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ; ನಮ್ಮ ಲೆಕ್ಕಕ್ಕೆ ಅದು 7 ಕಿಲೋ. ಅಡಿಗೆಮನೆಯ ಉಪ್ಪು ನಡೆಯುವುದಿಲ್ಲ. ಮ್ಯಾಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಹದವಾಗಿ ಬೆರೆತ ಉಪ್ಪು ಬಕೆಟ್ಟಿನಲ್ಲಿ ಬರುತ್ತದೆ. ಆ ಬಕೆಟ್ಟಿನ ಬೆಲೆ ಏನೆಂಬುದು ಅಂಗಡಿಯವನಿಗೂ ನನಗೂ ಗೊತ್ತು, ಮೂರನೆಯವರಿಗೆ ಗೊತ್ತಾಗದಂತೆ ಸ್ಟಿಕ್ಕರನ್ನು ಬಸ್ ಸ್ಟ್ಯಾಂಡಿನಲ್ಲೇ ಕಿತ್ತು ಬಂದಿದ್ದೆ. ಮೊಣಕಾಲು ತೋರಿಸಲು ಖಾನಾಪುರದಿಂದ ಬಂದಿದ್ದ ನಮ್ಮ ಅತ್ತೆ ಬಕೆಟ್ಟಿನೊಳಗೆ ಇಣುಕಿ, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು, "ಇಷ್ಟ ಉಪ್ಪಿನ್ಯಾಗ ನಮ್ಮೂರಿನ ಮಾವಿನಕಾಯಿ ಎಲ್ಲಾ ಉಪ್ಪಿನಕಾಯಿ ಆಗತಿದ್ದೂವು" ಎಂದರು. ನನಗಲ್ಲ, ಮಗಳಿಗೆ. ಅತ್ತೆ ಹಳೆಯ ಕಾಲದವರು. ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಹೇಳಬೇಕಾದದ್ದನ್ನು ಮಗಳಿಗೋ, ಗೋಡೆಗೋ, ಇತ್ತೀಚೆಗೆ ಮೀನಿಗೋ ಹೇಳುತ್ತಾರೆ. ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ.

ಬಕೆಟ್ಟಿನ ಖರ್ಚು ಉಳಿಸಲು ನಾನೊಂದು ಯೋಜನೆ ಹಾಕಿದ್ದೂ ಉಂಟು. ಹೇಗೂ ಗೋವಾಕ್ಕೆ ಹೋಗುತ್ತೇವೆ, ಸಮುದ್ರದ ನೀರನ್ನೇ ತಂದರಾಯಿತಲ್ಲ! ಶ್ರಾವಣದ ಒಂದು ರವಿವಾರ ಪಣಜಿಯ ಮೀರಾಮಾರ್ ದಂಡೆಯಲ್ಲಿ ಪ್ಯಾಂಟು ಮಡಚಿ, ಎಣ್ಣೆಯ ಖಾಲಿ ಕ್ಯಾನು ತುಂಬಿಕೊಂಡು, ಡಿಕ್ಕಿ ನೆಲಕ್ಕೆ ತಾಗುವ ಕಾರನ್ನು ಘಾಟಿನ ತಿರುವುಗಳಲ್ಲಿ ಫಸ್ಟ್ ಗೇರಿನಲ್ಲಿ ಹತ್ತಿಸಿಕೊಂಡು ಬಂದೆ. ಮನೆಗೆ ಬಂದು ಮಾಪಕ ಇಳಿಬಿಟ್ಟರೆ, 1.025ಕ್ಕೆ ನಿಲ್ಲಬೇಕಾದ ಮುಳ್ಳು ಅರ್ಧ ದಾರಿಯಲ್ಲೇ ಕೂತುಬಿಟ್ಟಿತು. ಮಗ ಭೂಪಟ ತೆಗೆದು ತೋರಿಸಿದ. ಮೀರಾಮಾರ್ ಇರುವುದು ಮಾಂಡವಿ ನದಿ ಸಮುದ್ರ ಸೇರುವ ಬಾಯಲ್ಲಿ. ಮಾಂಡವಿ ಎಂದರೆ ನಮ್ಮ ಮಹದಾಯಿ. ಮಹದಾಯಿ ಹುಟ್ಟುವುದು ಖಾನಾಪುರ ತಾಲೂಕಿನ ದೇಗಾವದಲ್ಲಿ. ಅಂದರೆ ನಮ್ಮ ಅತ್ತೆಯ ತಾಲೂಕಿನಲ್ಲಿ ಸುರಿದ ಮಳೆ ಗೋವಾಕ್ಕೆ ಇಳಿದು ಹೋಗಿತ್ತು, ಅದನ್ನು ನಾನು ಪೆಟ್ರೋಲ್ ಸುಟ್ಟು ವಾಪಸ್ ಹತ್ತಿಸಿಕೊಂಡು ಬಂದಿದ್ದೆ.

ಮಹದಾಯಿ ನ್ಯಾಯಾಧಿಕರಣ ರಚನೆಯಾದದ್ದು 2010ರಲ್ಲಿ. 2018ರ ಆಗಸ್ಟಿನಲ್ಲಿ ಅದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಅದರಲ್ಲಿ ಎಷ್ಟು ಹನಿ ಮಲಪ್ರಭೆಗೆ ಬಂದಿದೆ ಎಂದು ನರಗುಂದ, ನವಲಗುಂದದ ರೈತರನ್ನು ಕೇಳಿ ನೋಡಿ. ಅಂಥ ನೀರನ್ನು ಯಾವ ರಾಜ್ಯದ ತಕರಾರೂ ಇಲ್ಲದೆ ಎಣ್ಣೆ ಕ್ಯಾನಿನಲ್ಲಿ ತಿರುವಿ ತಂದ ಮೊದಲ ಕನ್ನಡಿಗ ನಾನೇ ಇರಬೇಕು. ಹೆಂಡತಿ ಅದನ್ನು ಬಾಲ್ಕನಿಯ ಗಿಡಗಳಿಗೂ ಹಾಕಗೊಡಲಿಲ್ಲ. "ಗಿಡಾ ಸಾಯತಾವು. ಪಾಯಖಾನಿಗೆ ಸುರೀರಿ" ಎಂದಳು. ಮಹದಾಯಿಯ ನನ್ನ ಪಾಲು ಹಾಗೆ ಸಂದಾಯವಾಯಿತು.

ಕಡೆಗೆ ಆರ್‌ಓ ನೀರು, ಬಕೆಟ್ಟಿನ ಉಪ್ಪು. ನೀರು ರೆಡಿಯಾದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ನೈಟ್ರೈಟ್ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡುವ ಇನ್ನೊಂದು ಬಗೆ, ಇವು ಕಲ್ಲು ಉಸುಕಿನಲ್ಲಿ ಬೇರೂರಲು ವಾರಗಟ್ಟಲೆ ಬೇಕು. ಈ ಅವಧಿಯನ್ನು ತಾಳಿಕೊಳ್ಳುವ ಗಟ್ಟಿ ಪಿಂಡ ಎಂದು ಹಿಂದೆಲ್ಲ ಡ್ಯಾಮ್ಸೆಲ್ ಮೀನನ್ನು ಬಿಡುತ್ತಿದ್ದರು. ಈಗ ತಿಳಿದವರು ಹಾಗೆ ಮಾಡುವುದಿಲ್ಲ. ನಮ್ಮ ಅಂಗಡಿಯವನು ತಿಳಿದವನಲ್ಲ, ಮಾರುವವನು. "ಇದು ಸಾಯಂಗಿಲ್ರೀ ಸರ್" ಎಂದು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದ. ಹೆಬ್ಬೆರಳಿನಷ್ಟು ಉದ್ದ, ಪೆನ್ನಿನ ಮಸಿಯ ನೀಲಿ, ಬೆನ್ನಿನ ರೆಕ್ಕೆ ಮುಗಿಯುವಲ್ಲಿ ಒಂದು ಕರಿ ಚುಕ್ಕೆ. ದೀಪದ ಕೆಳಗೆ ಬಂದರೆ ಮೈಯೆಲ್ಲ ಹೊತ್ತಿಕೊಳ್ಳುವ ಬಣ್ಣ. ನೋಡಿದ ಕೂಡಲೇ ಮನಸ್ಸು ಸೋತಿತು.

ಅವನು ಸಾಯಲಿಲ್ಲ. ಬಂದ ವಾರವೇ ಬಲಮೂಲೆಯ ಕಲ್ಲಿನ ಸಂದಿಯನ್ನು ಕಚೇರಿ ಮಾಡಿಕೊಂಡ. ಬಾಯಲ್ಲಿ ಉಸುಕು ಕಚ್ಚಿ ತಂದು ಹೊರಗೆ ಉಗುಳಿ ಉಗುಳಿ ಬಾಗಿಲು ಅಗಲ ಮಾಡಿದ. ಆ ಕಲ್ಲಿನ ಮೇಲೆ ಒಂದಿಷ್ಟು ಪಾಚಿ ಬೆಳೆದಿತ್ತು. ಅದರ ಹತ್ತಿರ ಹರಿದುಬಂದ ಶಂಖದ ಹುಳವನ್ನು ಚಿಪ್ಪಿನ ಸಮೇತ ಮೂತಿಯಿಂದ ದೂಡಿ ದೂಡಿ ಆ ಕಡೆ ಬೀಳಿಸಿ ಬಂದ. ಡ್ಯಾಮ್ಸೆಲ್ ಜಾತಿಯ ಹಲವು ಮೀನುಗಳು ಸಮುದ್ರದಲ್ಲೂ ಹೀಗೇ, ಅಂಗೈಯಗಲದ ಪಾಚಿಯ ಹೊಲ ಮಾಡಿಕೊಂಡು, ಬೇಡದ ಕಸ ಕಿತ್ತೊಗೆದು, ಬೇಲಿ ಹಾರಿದವರನ್ನು ಕಚ್ಚಿ ಓಡಿಸುತ್ತವೆ. ಅತ್ತೆ ನನ್ನ ಬೆತ್ತದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಆ ಕುರ್ಚಿ ಫ್ಯಾನಿನ ಕೆಳಗೆ, ಟಿವಿಯ ಎದುರು, ಚಹಾ ಇಡುವ ಕಿಟಕಿಯ ಪಕ್ಕ ಇತ್ತು, ಮದುವೆಯಾದಾಗಿನಿಂದ ಅದು ನನ್ನದು. "ಏ, ಇವಾ ನಮ್ಮೂರಿಗೆ ಬರತಿದ್ದ ಮಾಮಲೇದಾರನ ಅದಾನ ನೋಡ. ಹೊಲಾ ಅಳ್ಯಾಕ ನಿಂತಾನ" ಎಂದರು. ಹೆಸರು ನಿಂತುಬಿಟ್ಟಿತು. ತಹಶೀಲ್ದಾರ ಎಂಬ ಹೊಸ ಹೆಸರು ಬಂದು ಎಷ್ಟೋ ವರ್ಷವಾದರೂ ಮುಂಬೈ ಪ್ರಾಂತದ ಕಾಲದ ಹಿರಿಯರ ಬಾಯಲ್ಲಿ ಆ ಅಧಿಕಾರಿ ಇನ್ನೂ ಮಾಮಲೇದಾರನೇ.

ನೀರು ಹದಕ್ಕೆ ಬಂದ ಮೇಲೆ ನಾನು ಜನವಸತಿ ಶುರು ಮಾಡಿದೆ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನಿನ ಒಂದು ಜೋಡಿ, 2003ರಲ್ಲಿ ಬಂದ ಸಿನಿಮಾದಿಂದಾಗಿ ಜಗತ್ತಿನ ಮಕ್ಕಳೆಲ್ಲ ನೀಮೋ ಎಂದು ಕರೆಯುವ ಮೀನು. ಒಂದು ಕಾರ್ಡಿನಲ್. ಅರ್ಧ ಬಿಳಿ, ಅರ್ಧ ಕೆಂಪು, ತಲೆಯ ಮೇಲೆ ಉದ್ದನೆಯ ತುರಾಯಿಯ ಒಂದು ಫೈರ್‌ಫಿಶ್. ಬಹಳ ನಾಜೂಕಿನ, ನಾಚಿಕೆಯ ಮೀನು ಅದು. ಮಾಮಲೇದಾರ ಸಂದಿಯಿಂದ ಹೊರಗೆ ಬಂದು ಒಂದು ಕ್ಷಣ ನಿಂತು ನೋಡಿದ. ಆಮೇಲೆ ಶುರುವಾಯಿತು. ಬಾಲ ಕಚ್ಚುವುದು, ಮೂಲೆಗೆ ಅಟ್ಟುವುದು, ಊಟ ಬಿದ್ದಾಗ ಮೊದಲು ತಾನು ತಿಂದು, ಹೊಟ್ಟೆ ತುಂಬಿದ ಮೇಲೆ ಉಳಿದವರು ತಿನ್ನದಂತೆ ಗಸ್ತು ತಿರುಗುವುದು. ರಾತ್ರಿ ಟಿವಿ ಬಂದ್ ಮಾಡಿದಾಗ ಗಾಜಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿತ್ತು. ಹೀಟರ್ ಕೆಟ್ಟಿತೆಂದು ಬಿಚ್ಚಿ ನೋಡಿದೆ. ಹೀಟರ್ ಸರಿಯಿತ್ತು. ಡ್ಯಾಮ್ಸೆಲ್ ಮೀನುಗಳು ಬೆದರಿಸುವಾಗ ಹಾಗೆ ಸದ್ದು ಮಾಡುತ್ತವೆ. ಇಡೀ ದಿನ ಕಚ್ಚಿದ್ದು ಸಾಲದೆಂದು ಬೈಗುಳವೂ ನಡೆದಿತ್ತು.

ಫೈರ್‌ಫಿಶ್ ಒಂದು ರಾತ್ರಿ ಮುಚ್ಚಳದ ಸಂದಿಯಿಂದ ಜಿಗಿದು ಹೋಯಿತು. ಹೆದರಿದರೆ ಜಿಗಿಯುವುದು ಅದರ ಜಾತಿಯ ಸ್ವಭಾವ. ಬೆಳಿಗ್ಗೆ ಕಸ ಹೊಡೆಯುವಾಗ ಟಿವಿಯ ಹಿಂದೆ ಹೆಂಡತಿಗೆ ಸಿಕ್ಕಿತು. ಅವಳು ಏನೂ ಅನ್ನಲಿಲ್ಲ. ಕಸಬರಿಗೆ ಗೋಡೆಗೆ ಆನಿಸಿಟ್ಟು, ಕಾಗದದಲ್ಲಿ ಎತ್ತಿ ತುಳಸಿಯ ಬುಡದಲ್ಲಿ ಹೂಳಿ ಬಂದಳು. ಅನ್ನದಿದ್ದದ್ದೇ ಹೆಚ್ಚಾಯಿತು ನನಗೆ.

ಇನ್ನು ಏನಾದರೂ ಮಾಡಲೇಬೇಕಲ್ಲ. ನಾನು ಪುಸ್ತಕ ಓದುವವನು. ಆಸ್ಟ್ರಿಯಾದ ಕಾನ್ರಾಡ್ ಲೊರೆನ್ಜ್ ಪ್ರಾಣಿಗಳ ಆಕ್ರಮಣಶೀಲತೆಯ ಮೇಲೆ 1963ರಲ್ಲಿ ಬರೆದ ಪುಸ್ತಕ ಶುರುವಾಗುವುದೇ ಹವಳದ ದಿಬ್ಬದ ಮೀನುಗಳಿಂದ. ಬಣ್ಣ ಢಾಳಾದಷ್ಟೂ ಮೀನು ತನ್ನ ಜಾತಿಯವರ ಮೇಲೆ ಹೆಚ್ಚು ಏರಿ ಹೋಗುತ್ತದೆ, ಬೇರೆ ಜಾತಿಯವರ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ ಎಂಬುದು ಆತ ಕಂಡದ್ದು. ನಮ್ಮ ಮಾಮಲೇದಾರ ಜಾತಿಭೇದ ಮಾಡುವವನಲ್ಲ, ಎಲ್ಲರನ್ನೂ ಕಚ್ಚುತ್ತಿದ್ದ. ಸಮುದ್ರದಲ್ಲಾದರೆ ಸೋತ ಮೀನು ಗಡಿ ದಾಟಿ ಓಡಿಹೋಗುತ್ತದೆ, ಗೆದ್ದವನೂ ಅಲ್ಲಿಗೆ ಬಿಟ್ಟುಬಿಡುತ್ತಾನೆ. ಗಾಜಿನ ಪೆಟ್ಟಿಗೆಯಲ್ಲಿ ಓಡುವುದೆಲ್ಲಿಗೆ? ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸಿ, ಲೊರೆನ್ಜ್‌ಗೆ 1973ರಲ್ಲಿ ನೊಬೆಲ್ ಬಂತೆಂದೂ ಹೇಳಿದೆ. ಹೆಂಡತಿ ರೊಟ್ಟಿ ಮುರಿಯುತ್ತ ಕೇಳಿದಳು: "ಅವ್ರ ಮನ್ಯಾಗ ಗಾಜು ಯಾರ ಒರಸತಿದ್ರು?"

ಮೊದಲ ಉಪಾಯ ಹೊಟ್ಟೆ ತುಂಬಿಸುವುದು. ಹಸಿದವನು ಜಗಳಗಂಟ, ಎರಡು ಹೊತ್ತಿನ ಬದಲು ಸ್ವಲ್ಪ ಸ್ವಲ್ಪವೇ ನಾಲ್ಕು ಹೊತ್ತು ಹಾಕಿ ಎನ್ನುತ್ತಾರೆ. ಆಹಾರ ಎಂದರೆ ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿ. ಅತ್ತೆ ಶುದ್ಧ ಸಸ್ಯಾಹಾರಿ, ಈರುಳ್ಳಿಗೂ ಸೋಮವಾರ ರಜೆ ಕೊಡುವವರು. ಸಿಗಡಿಯ ಪೊಟ್ಟಣವನ್ನು ಫ್ರೀಜರಿನಲ್ಲಿ ಹಸಿರು ಬಟಾಣಿಯ ಚೀಲದೊಳಗೆ ಸೇರಿಸಿಟ್ಟಿದ್ದೆ. ಆಮೇಲಿನದನ್ನು ಬರೆಯುವುದು ಬೇಡ. ಅಂದಿನ ಪಲಾವ್ ಯಾರೂ ಉಣ್ಣಲಿಲ್ಲ, ಫ್ರಿಜ್ಜನ್ನು ಅರಿಶಿನ ನೀರಿನಿಂದ ತೊಳೆದದ್ದು ನಾನು, ಮತ್ತು ಈಗ ಬಾಲ್ಕನಿಯಲ್ಲಿ ಮೀನಿಗೆಂದೇ ಬೇರೆ ಒಂದು ಪುಟ್ಟ ಸೆಕೆಂಡ್‌ಹ್ಯಾಂಡ್ ಫ್ರಿಜ್ ಇದೆ.

ಎರಡನೆಯದು ಕನ್ನಡಿ. ಗಾಜಿಗೆ ಹೊರಗಿನಿಂದ ಕನ್ನಡಿ ಹಚ್ಚಿದರೆ ಜಗಳಗಂಟ ತನ್ನ ನೆರಳಿನ ಜೊತೆಯೇ ಗುದ್ದಾಡುತ್ತ ಉಳಿದವರನ್ನು ಮರೆಯುತ್ತಾನೆ, ಅಷ್ಟರಲ್ಲಿ ಹೊಸಬರು ಉಂಡು ಸುಧಾರಿಸಿಕೊಳ್ಳುತ್ತಾರೆ. ಹೆಂಡತಿಯ ಡ್ರೆಸ್ಸಿಂಗ್ ಟೇಬಲಿನ ಕೈಗನ್ನಡಿ ತಂದು ಹಿಡಿದೆ. ನಿಜಕ್ಕೂ ರೆಕ್ಕೆ ಬಿಚ್ಚಿ, ಬಾಯಿ ತೆರೆದು, ಹಿಂದೆ ಹೋಗಿ ಮುಂದೆ ಬಂದು ಕನ್ನಡಿಯ ಮೀನಿಗೆ ಗುದ್ದಿದ್ದೇ ಗುದ್ದಿದ್ದು. ಆದರೆ ಕನ್ನಡಿ ತೆಗೆದ ಕೂಡಲೇ, ಆ ಗೆಲುವಿನ ಹುರುಪಿನಲ್ಲಿ, ಎರಡು ಪಟ್ಟು ಜೋರಾಗಿ ಕಾರ್ಡಿನಲ್ಲಿನ ಮೇಲೆ ಬಿದ್ದ. "ಕನ್ನಡಿ ಮುಂದ ನಿಂತ ಎದಿ ಉಬ್ಬಿಸೋರು ಈ ಮನ್ಯಾಗ ಮೊದ್ಲ ಒಬ್ರ ಇದ್ರು" ಎಂದು ಅತ್ತೆ ಗೋಡೆಗೆ ಹೇಳಿದರು.

ಮೂರನೆಯದು ಜೈಲು. ಪ್ಲಾಸ್ಟಿಕ್ ಕುಂದಾ ಡಬ್ಬಿಗೆ ಕಾದ ಮೊಳೆಯಿಂದ ತೂತು ಕೊರೆದು ಟ್ಯಾಂಕಿನಲ್ಲಿ ತೇಲಿಬಿಟ್ಟು, ಜಗಳಗಂಟನನ್ನು ಕೆಲವು ದಿನ ಅದರಲ್ಲಿ ಇಟ್ಟರೆ ಹೊರಗೆ ಉಳಿದವರು ಊರು ತಮ್ಮದು ಮಾಡಿಕೊಳ್ಳುತ್ತಾರೆ, ಬಿಡುಗಡೆಯಾದವನು ಹೊಸಬನಾಗಿ ಬರುತ್ತಾನೆ. ಒಳ್ಳೆಯ ಉಪಾಯವೇ. ಹಿಡಿಯುವವರು ಯಾರು? ಜಾಳಿಗೆ ನೀರಿಗಿಳಿಯುವ ಮೊದಲೇ, ನಾನು ಕುರ್ಚಿಯಿಂದ ಏಳುವ ಸಪ್ಪಳಕ್ಕೇ ಅವನು ಸಂದಿ ಸೇರುತ್ತಿದ್ದ. ಒಂದು ಲೀಟರಿನ ಬಾಟಲಿಯ ಕುತ್ತಿಗೆ ಕೊಯ್ದು ತಿರುವಿ ಒಳಗೆ ಸಿಕ್ಕಿಸಿ, ಸಿಗಡಿ ಇಟ್ಟು ಬಲೆ ಮಾಡಿದೆ. ಕ್ಲೌನ್ ಮೀನುಗಳು ಒಳಗೆ ಹೋಗಿ ತಿಂದು ಬಂದವು. ಕಾರ್ಡಿನಲ್ ಹೋಗಿ ಅಲ್ಲೇ ಉಳಿಯಿತು, ಪಾಪ, ಅದಕ್ಕೆ ಇಡೀ ಟ್ಯಾಂಕಿನಲ್ಲಿ ನಿಶ್ಚಿಂತೆಯ ಜಾಗ ಅದೊಂದೇ. ಮಾಮಲೇದಾರ ಹೊರಗಿನಿಂದ ಬಾಟಲಿಯ ಸುತ್ತ ಸುತ್ತಿ ಪಂಚನಾಮೆ ಮಾಡಿ ಹೋದ.

ಗಾಜು ಒರೆಸಲು ಕೈ ಹಾಕಿದರೆ ನನಗೂ ಕಚ್ಚತೊಡಗಿದ. ಮುಂಗೈ ಮೇಲೆ ನನಗೊಂದು ಮಚ್ಚೆ ಇದೆ. ಅದನ್ನು ಕೀಳಲೇಬೇಕು ಎಂದು ಅವನ ಹಟ. ಹೆಬ್ಬೆರಳುದ್ದದ ಮೀನಿಗೆ ಹೆದರಿ ಕೈ ತಟ್ಟನೆ ಹೊರಗೆಳೆದಾಗ ಹಾರಿದ ಉಪ್ಪುನೀರು ಸೀದಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಡಿದು ಇಡೀ ಮನೆ ಕತ್ತಲಾಯಿತು. ಕೆಳಗಿನಿಂದ ಕಾಕಾ ಕೂಗಿದರು, "ಕಾಯ್ ಝಾಲ? ಸಮುದ್ರ ಬಂತೇನ್ರೀ ಕೆಳಗ?"

ಮರುದಿನ ಕಾಕಾ ತಾವೇ ಮೇಲೆ ಬಂದು ಪರಿಶೀಲನೆ ನಡೆಸಿ, ನಡುವೆ ಒಂದು ಗಾಜು ನಿಲ್ಲಿಸಿ ಇಬ್ಭಾಗ ಮಾಡಿಬಿಡಿ ಎಂದು ಸೂಚಿಸಿದರು. ಆಚೆ ಅವನು, ಈಚೆ ಇವರು, ಜಗಳ ಖಲಾಸ್. ನನಗೆ ಸರಿಕಂಡಿತು. ಆದರೆ ಬೆಳಗಾವಿಯಲ್ಲಿ ಗೆರೆ ಎಳೆಯುವ ಮಾತು ಬಂದರೆ ಅದು ಅಷ್ಟಕ್ಕೆ ನಿಲ್ಲುವುದಿಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂದು ನಾನು, ಕಾಕಾ, ಮಗ ಮೂವರೂ ಮೂರು ಕಡೆ ಬೆರಳಿಟ್ಟೆವು. ಒಳ್ಳೆಯ ಕಲ್ಲು ಯಾರ ಪಾಲಿಗೆ, ಫಿಲ್ಟರಿನ ಬಾಯಿ ಯಾರ ಕಡೆಗೆ. ನಾನು ಮಹಾಜನ ವರದಿಯ ಮಾತು ತೆಗೆದೆ. ಕಾಕಾ, "ಆ ವರದಿ ನಾವ ಒಪ್ಪಿಲ್ಲರೀ" ಎಂದು ನಕ್ಕರು. ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿನ ಮೇಲಿನ 1967ರ ವರದಿ ಅದು. ನಮ್ಮಿಬ್ಬರ ನಡುವೆ ಚಹಾದ ಹೊತ್ತಿಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಗಾಜು ತರಲಿಲ್ಲ. ಬಿಸ್ಕೀಟು ಮುಗಿದವು.

ಕಡೆಗೆ ದಾರಿ ತೋರಿಸಿದವರು ಅತ್ತೆ. ಒಂದು ಸಂಜೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಟ್ಯಾಂಕಿನ ಕಡೆ ಮುಖ ಮಾಡಿ ಹೇಳಿದರು:

"ಮೊದಲ ಬಂದಾವ ಅವ. ಉತಾರ ಅವನ ಹೆಸರಿನ್ಯಾಗ ಐತಿ. ಆಮ್ಯಾಲೆ ಬಂದಾವ್ರು ಏನ್ ಮಾಡ್ಯಾರು? ನಾ ಲಗ್ನಾಗಿ ಬಂದಾಗ ನಮ್ಮ ಮನ್ಯಾಗ ದೊಡ್ಡ ಸೊಸಿ ಹಿಂಗ ಇದ್ಲು. ನನಗ ಒಲಿ ಮುಟ್ಟಗೊಡವಲ್ಳು, ಹಿಟ್ಟಿನ ಡಬ್ಬಿ ಮುಟ್ಟಗೊಡವಲ್ಳು. ನಮ್ಮ ಅತ್ತಿ ಬೈಲಿಲ್ಲ, ಬಡೀಲಿಲ್ಲ. ದಸರಾಕ್ಕ ಮನಿ ಸುಣ್ಣಾ ಬಳಿಯೂ ನೆವಾ ಮಾಡಿ ಒಲಿ ಆ ಕಡೆಯಿಂದ ಈ ಕಡೆ ಹಾಕ್ಸಿದ್ಲು. ಡಬ್ಬಿ, ಹಗೇವು, ಬೀಸುಕಲ್ಲು ಎಲ್ಲಾ ಜಾಗಾ ಬದಲ. ಮುಂಜಾನೆದ್ದ ದೊಡ್ಡ ಸೊಸಿಗಿ ಉಪ್ಪ ಎಲ್ಲೈತಿ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ರೂ ಕೂಡೇ ಹುಡಿಕಿದಿವಿ."

ನಾನು ಎದ್ದು ಕೂತೆ. ಉಪ್ಪುನೀರಿನ ಮೀನು ಸಾಕುವವರು ಜಗಳಗಂಟನಿಗೆ ಕೊಡುವ ದೊಡ್ಡ ಔಷಧಿ ಇದೇ. ಟ್ಯಾಂಕಿನ ಕಲ್ಲುಗಳನ್ನೆಲ್ಲ ಹೊರತೆಗೆದು ಬೇರೆ ಬಗೆಯಲ್ಲಿ ಜೋಡಿಸಬೇಕು. ಗುರುತು ಅಳಿಸಿದರೆ ಗಡಿ ಅಳಿಯಿತು. ಎಲ್ಲರೂ ಅದೇ ದಿನ ಬಂದ ಒಕ್ಕಲು. ಇದನ್ನು ನಾನು ಓದಿದ್ದೆ, ಓದಿ ಪುಟ ತಿರುವಿದ್ದೆ. 200 ಲೀಟರ್ ನೀರಿನೊಳಗಿಂದ ಕಲ್ಲು ಎತ್ತುವ ಉಪಾಯಕ್ಕಿಂತ ಕನ್ನಡಿ ಹಿಡಿಯುವ ಉಪಾಯ ನನ್ನ ದೇಹಪ್ರಕೃತಿಗೆ ಹೊಂದುತ್ತಿತ್ತು.

ಜೋಡಿಸಲು ಹೊಸ ಸಾಮಾನು ಬೇಕಿತ್ತು. ಹವಳ ಇಡೋಣ ಎಂದ ಮಗ. ಹವಳ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿ ಸೇರಿದೆ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನ ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಹುಲಿ ಸಾಕಿದಷ್ಟೇ ಅಪರಾಧ. "ಮಾಮಲೇದಾರ ಒಬ್ನ ಸಾಕು, ಫಾರೆಸ್ಟ್‌ನವ್ರೂ ಬ್ಯಾಡ" ಎಂದಳು ಹೆಂಡತಿ. ಅತ್ತೆ ಊರಿಗೆ ಫೋನು ಮಾಡಿಸಿದರು. ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು, ಖಾದಿ ಆಯೋಗದವರ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಅತ್ತೆಯ ಅಣ್ಣನ ಮಗ ಬಾಯಿ ಒಡೆದ ಕುಡಿಕೆ, ಮುರಿದ ಹಂಚು, ಹೂಕುಂಡದ ಚೂರುಗಳನ್ನು ಗೋಣಿಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸಿದ. ಒಂದು ಕಾಲದಲ್ಲಿ ಖಾನಾಪುರದ ಹಂಚಿನ ಕೆಳಗೆ ಸಂಸಾರ ಮಾಡುವುದು ನಮ್ಮ ಕಡೆ ಮರ್ಯಾದೆಯ ಮಾತಾಗಿತ್ತು. ಬಣ್ಣ, ಹೊಳಪು ಲೇಪಿಸದ ಸುಟ್ಟ ಮಣ್ಣು ಮೀನಿಗೆ ಏನೂ ಕೇಡು ಮಾಡುವುದಿಲ್ಲ. ಕೊಚ್ಚಿಯ ಸಿಎಂಎಫ್‌ಆರ್‌ಐ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವಾಗ ಮೊಟ್ಟೆ ಇಡಲು ಹಂಚು, ಮಡಕೆಗಳನ್ನೇ ಟ್ಯಾಂಕಿನಲ್ಲಿ ಇಡುತ್ತಾರೆ.

ರವಿವಾರ ಬೆಳಿಗ್ಗೆ ಕಾರ್ಯಾಚರಣೆ. ಅರ್ಧ ನೀರನ್ನು ಟಬ್ಬುಗಳಿಗೆ ಇಳಿಸಿದೆವು. ಮಗ ಕಲ್ಲು ಎತ್ತಿಕೊಟ್ಟ, ನಾನು ಇಳಿಸಿಟ್ಟೆ, ಹೆಂಡತಿ ಹಳೆಯ ಸೀರೆಗಳಿಂದ ನೆಲಕ್ಕೆ ಒಡ್ಡು ಕಟ್ಟಿದಳು. ಅತ್ತೆ ಕುರ್ಚಿಯಲ್ಲಿ ಕೂತು, "ಅದನ್ನ ಆ ಕಡೆ ಇಡಂತ ಹೇಳ, ಇದನ್ನ ಈ ಕಡೆ" ಎಂದು ಮಗಳ ಮುಖಾಂತರ ನನ್ನನ್ನು ನಡೆಸಿದರು. ಪೈಪು ಒಂದು ಹೊತ್ತಿನಲ್ಲಿ ಟಬ್ಬು ಬಿಟ್ಟು ಜಾರಿದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಕಾಕಾ ಬಾಗಿಲಲ್ಲಿ ನಿಂತಾಗ. ಸ್ಲ್ಯಾಬಿನ ಸಂದಿಯಿಂದ ಒಂದು ಧಾರೆ ಅವರ ಊಟದ ಟೇಬಲಿಗೇ ಇಳಿದಿತ್ತು. ನಾನು ಕೈಮುಗಿಯಬೇಕು ಎನ್ನುವಷ್ಟರಲ್ಲಿ ಅವರೇ ಎಂದರು: "ಆಮಟಿಗೆ ಉಪ್ಪು ಕಮ್ಮಿ ಇತ್ತು ರೀ. ಈಗ ಬರೋಬರ್ ಐತಿ."

ಹಳೆಯ ಕಲ್ಲುಗಳು ಎಡಕ್ಕೆ ಹೋದವು. ಬಲಕ್ಕೆ ಹಂಚಿನ ಮಾಡು, ನಡುವೆ ಕುಡಿಕೆಗಳು ಅಡ್ಡಡ್ಡ. ನೀರು ತಿಳಿಯಾದ ಮೇಲೆ ಮಾಮಲೇದಾರ ತನ್ನ ಕಚೇರಿಯಿದ್ದ ಜಾಗಕ್ಕೆ ಈಜಿ ಬಂದ. ಅಲ್ಲಿ ಬರೀ ಉಸುಕು. ಒಂದು ಸುತ್ತು ಹಾಕಿದ. ಮತ್ತೆ ಬಂದ. ಕಾರ್ಡಿನಲ್ ಎದುರು ಹಾದುಹೋಯಿತು; ಕಚ್ಚಬೇಕು ಎಂಬುದೇ ಅವನಿಗೆ ನೆನಪಾಗಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಸಲ ಎಲ್ಲ ಮೀನುಗಳೂ ಒಂದೇ ಹೊತ್ತಿನಲ್ಲಿ ಉಂಡವು. ನಾನು ಬೀಗಿದೆ. ಅತ್ತೆ ಟ್ಯಾಂಕಿಗೆ, "ಹಾಂ, ಈಗ ಹುಡುಕ ಉಪ್ಪಿನ ಡಬ್ಬಿ" ಎಂದರು.

ಯಾವುದು ಮೀನಿಗೆ ನಡೆಯಿತೋ ಅದು ಮನುಷ್ಯನಿಗೂ ನಡೆಯುತ್ತದೆ ಎಂಬ ಅನುಮಾನ ನಮ್ಮ ಮನೆಯ ಹೆಂಗಸರಿಗೆ ಯಾವಾಗ ಬಂತೋ ಕಾಣೆ. ಸಂಜೆ ವಾಕಿಂಗ್ ಮುಗಿಸಿ ಬಂದರೆ ಹಾಲು ಗುರುತೇ ಸಿಗಲಿಲ್ಲ. ಸೋಫಾ ಕಿಟಕಿಗೆ, ಟಿವಿ ಎದುರು ಗೋಡೆಗೆ, ಶೋಕೇಸು ಬಾಗಿಲ ಪಕ್ಕಕ್ಕೆ. ನನ್ನ ಬೆತ್ತದ ಕುರ್ಚಿ ಬಾಲ್ಕನಿಯಲ್ಲಿ, ಮೀನಿನ ಫ್ರಿಜ್ಜಿನ ಜೊತೆ. ಕನ್ನಡಕ ಎಲ್ಲಿ, ರಿಮೋಟ್ ಎಲ್ಲಿ, ಪೇಪರ್ ಎಲ್ಲಿ ಎಂದು ತಿರುಗಿದೆ. ಫ್ಯಾನಿನ ಕೆಳಗೆ ಮಗ ಓದುತ್ತ ಕೂತಿದ್ದ. ಏಳು ಎನ್ನಲು ಬಾಯಿ ತೆರೆದೆ, ಯಾವ ಹಕ್ಕಿನಿಂದ ಎಂದು ಹೊಳೆಯದೆ ಮುಚ್ಚಿದೆ. ರಾತ್ರಿ ಸೋಫಾದ ತುದಿಯಲ್ಲಿ ಕೂತು, ಅವರು ಹಚ್ಚಿದ ಧಾರಾವಾಹಿಯನ್ನೇ ನೋಡಿದೆ. ಕೆಟ್ಟದ್ದೇನೂ ಇರಲಿಲ್ಲ.

ಟ್ಯಾಂಕಿನಲ್ಲಿ ಶಾಂತಿ ಯುಗಾದಿಯ ತನಕ ಇತ್ತು. ಆಮೇಲೆ ಕ್ಲೌನ್ ಜೋಡಿ ನಡುವಿನ ಕುಡಿಕೆಯನ್ನು ಹಿಡಿಯಿತು. ದೊಡ್ಡದು ಹೆಣ್ಣು, ಸಣ್ಣದು ಗಂಡು. ಈ ಜಾತಿಯಲ್ಲಿ ಎಲ್ಲವೂ ಮೊದಲು ಗಂಡೇ. ಗುಂಪಿನ ಯಜಮಾನಿ ಸತ್ತರೆ ಅವಳ ಗಂಡ ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತಾನೆ. ಸಿನಿಮಾದ ನೀಮೋನ ಅಪ್ಪ ನಿಜಜೀವನದಲ್ಲಿ ಅವ್ವ ಆಗಬೇಕಿತ್ತು. ಈ ಸಂಗತಿಯನ್ನು ಅತ್ತೆಗೆ ಮಗ ಹೇಳಿದ ದಿನದಿಂದ ಅವರಿಗೆ ಈ ಮೀನಿನ ಮೇಲೆ ಅಪಾರ ಗೌರವ. ಒಂದು ಮುಂಜಾನೆ ಕುಡಿಕೆಯ ಒಳಮೈಗೆ ರವೆಗಿಂತ ಸ್ವಲ್ಪ ದಪ್ಪನೆಯ ಕಿತ್ತಳೆ ಕಾಳುಗಳು ಅಂಟಿದ್ದವು. ಗಂಡು ಎದೆಯ ರೆಕ್ಕೆಗಳಿಂದ ಅವಕ್ಕೆ ಗಾಳಿ ಹಾಕುತ್ತ, ಹಾಳಾದ ಒಂದೊಂದು ಮೊಟ್ಟೆಯನ್ನು ಬಾಯಲ್ಲಿ ಹೆಕ್ಕಿ ತೆಗೆಯುತ್ತ ಅಲ್ಲೇ ನಿಂತಿತ್ತು. ಹೆಣ್ಣು ಬಾಗಿಲಲ್ಲಿ. ಮಾಮಲೇದಾರ ಹಾದಿ ತಪ್ಪಿ ಆ ಕಡೆ ಬಂದ. ಹೆಣ್ಣು ಹೋದ ವೇಗ ನನಗೆ ಕಾಣಿಸಲೇ ಇಲ್ಲ; ಕಂಡದ್ದು ಮಾಮಲೇದಾರ ಹೀಟರಿನ ಹಿಂದೆ ಅಡಗಿ ಒಂದು ಕಣ್ಣು ಹೊರಗೆ ಹಾಕಿದ್ದು.

ಡ್ಯಾಮ್ಸೆಲ್ಲೂ ಕ್ಲೌನೂ ಒಂದೇ ಕುಟುಂಬ, ಪೊಮಾಸೆಂಟ್ರಿಡೇ. ಜಗಳ ಎಂದರೆ ವಾಟ್ನಿಯ ಜಗಳ. ಅದು ನನಗೆ ಮೊದಲೇ ಗೊತ್ತಿತ್ತು ಎಂದು ಮನೆಯಲ್ಲಿ ಯಾರೂ ನಂಬುವುದಿಲ್ಲ. "ಮಾಮಲೇದಾರನ ಮ್ಯಾಲ ಕಲೆಕ್ಟರ್ ಬಾಯಿ ಬಂದಾಳ" ಎಂದು ಅತ್ತೆ ಊರಿಗೆಲ್ಲ ಫೋನು ಮಾಡಿದರು. ಹೀಟರಿನ ಹಿಂದಿನವನಿಗೆ ಬದಲಿ ಕೊಡಿಸಲು ನಾನು ಅಂಗಡಿಗೆ ಹೋದೆ. "ಡ್ಯಾಮ್ಸೆಲ್ ವಾಪಸ್ ತಗೋಳಂಗಿಲ್ರೀ ಸರ್, ಯಾರೂ ತಗೋಳಂಗಿಲ್ಲ" ಎಂದ ಅಂಗಡಿಯವನು ಸಂಕೋಚವಿಲ್ಲದೆ. ಬದಲಿಗೆ ತಡೆಯಾಜ್ಞೆ ತಂದವನ ಗತ್ತಿನಲ್ಲಿ ಮಾಮಲೇದಾರ ಇನ್ನೂ ಇಲ್ಲೇ ಇದ್ದಾನೆ. ಈ ಮೀನು ವರ್ಷಗಟ್ಟಲೆ ಬದುಕುತ್ತದಂತೆ. ಈಗೀಗ ನಾನು ಊಟ ಹಾಕುವಾಗ ಹೀಟರಿನ ಹಿಂದಕ್ಕೂ ಎರಡು ಸಿಗಡಿ ಬೀಳುವಂತೆ ನೋಡಿಕೊಳ್ಳುತ್ತೇನೆ. ಕುರ್ಚಿ ಹೋದವರ ಕಷ್ಟ ಹೋದವರಿಗೇ ಗೊತ್ತು.

ಕಲೆಕ್ಟರ್ ಬಾಯಿ ಮಾತ್ರ ಮಚ್ಚೆಯ ಮಟ್ಟಕ್ಕೆ ನಿಲ್ಲುವವಳಲ್ಲ. ಕೈ ಹಾಕಿದರೆ ಬೆರಳಸಂದಿಗೇ ಬಾಯಿ ಹಾಕುತ್ತಾಳೆ, ಹಲ್ಲೂ ಹರಿತ. ಗಾಜಿನ ಮೇಲೆ ಹಸಿರು ಕಟ್ಟಿ ಮೀನೇ ಕಾಣದಂತಾದಾಗ ಹೆಂಡತಿ ತನ್ನ ಬಾಂಡಿ ತೊಳೆಯುವ ರಬ್ಬರ್ ಗ್ಲೌಸು ಕೊಟ್ಟಳು. ಮೊಣಕೈ ತನಕ ಬರುವ ಹಳದಿ ಗ್ಲೌಸು. ಹಾಕಿಕೊಂಡು ಧೈರ್ಯವಾಗಿ ಗಾಜು ಒರೆಸಿದೆ, ಬಾಯಿ ಬಂದು ಬಂದು ಕಚ್ಚಿ ಹೋದಳು, ನನಗೆ ಏನೂ ಆಗಲಿಲ್ಲ. ಕೆಲಸ ಮುಗಿಸಿ ಗ್ಲೌಸು ಕಳಚಬೇಕು, ಅಡಿಗೆಮನೆಯಿಂದ ಅತ್ತೆಯ ದನಿ ಬಂತು. ಮಗಳಿಗೂ ಅಲ್ಲ, ಗೋಡೆಗೂ ಅಲ್ಲ, ಮೀನಿಗೂ ಅಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಸೀದಾ ನನಗೆ:

"ಇರ್ಲಿ ಬಿಡ್ರೀ, ತಗೀಬ್ಯಾಡ್ರಿ. ಹೆಂಗೂ ಹಾಕ್ಕೊಂಡೀರಿ, ಮುಸುರಿ ಇಲ್ಲೇ ಸಿಂಕಿನ್ಯಾಗ ಅದಾವು."